ಮೇಷ್ಟರ ಮನೆಯ ಬೆಳಗಿನ ಕಾಫಿ

1806ರ ಮೇ ಕೊನೆಯ ವಾರ. ವರ್ಜೀನಿಯಾದ ರಿಚ್ಮಂಡ್‌ ಊರಿನ ಒಂದು ಮನೆಯಲ್ಲಿ ಬೆಳಗಿನ ಕಾಫಿ ಕುಡಿದ ಮೂವರು ವಾಂತಿ, ಹೊಟ್ಟೆನೋವಿನಿಂದ ಹಾಸಿಗೆ ಹಿಡಿದರು. ಅಡುಗೆಯಾಕೆ ಲಿಡಿಯಾ ಬ್ರಾಡ್‌ನ್ಯಾಕ್ಸ್ ಹೇಗೋ ಬದುಕಿಕೊಂಡಳು. ಅಲ್ಲೇ ಇದ್ದು ಓದುತ್ತಿದ್ದ ಹುಡುಗ ಮೈಕೆಲ್ ಬ್ರೌನ್ ಜೂನ್ 1ರಂದು ಸತ್ತ. ಮನೆಯ ಯಜಮಾನರು, ಎಂಬತ್ತರ ಆಸುಪಾಸಿನ ನ್ಯಾಯಾಧೀಶ ಜಾರ್ಜ್ ವಿತ್, ಇನ್ನೊಂದು ವಾರ ನರಳಿ 8ರಂದು ತೀರಿಕೊಂಡರು.

ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ವರ್ಜೀನಿಯಾದ ಏಳು ಸಹಿಗಳ ಪೈಕಿ ಮೊದಲನೆಯದು ಇವರದು. ಉಳಿದವರು ಸಹಿ ಹಾಕುವಾಗ ವಿತ್ ಊರಲ್ಲಿರಲಿಲ್ಲ. ಮೇಲೆ ಅವರಿಗೆಂದು ಜಾಗ ಬಿಟ್ಟು ಕೆಳಗೆ ಬರೆದರಂತೆ. ಅಂಥವರ ಹೆಸರು ಇವತ್ತು ರಸಪ್ರಶ್ನೆಗೂ ಬರುವುದಿಲ್ಲ.

ವಿತ್ ಶಾಲೆ ಕಂಡದ್ದು ಕಮ್ಮಿ. ತಂದೆ ಬೇಗ ಹೋದರು, ಪಾಠ ತಾಯಿಯದು. ಕಾನೂನು ಕಲಿಯಲೆಂದು ಬಂಧುವೊಬ್ಬರ ಕಚೇರಿ ಸೇರಿದರೆ ಅಲ್ಲಿ ಕೇಳುವವರೇ ಇರಲಿಲ್ಲ. ಮುಂದೆ ತಾವೇ ಮೇಷ್ಟರಾದಾಗ ಶಿಷ್ಯರ ಮೇಲೆ ಅಷ್ಟೊಂದು ಅಕ್ಕರೆ ತೋರಿದ್ದು ಆ ಹಳೆಯ ನೋವಿನಿಂದಲೇ ಇರಬೇಕು. 1762ರಲ್ಲಿ 19ರ ಥಾಮಸ್ ಜೆಫರ್ಸನ್ ಅವರ ಬಳಿ ಬಂದರು. ಐದು ವರ್ಷ ಕಾನೂನು ಓದಿದರು. 1779ರಲ್ಲಿ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ ವಿತ್ ಆ ದೇಶದ ಮೊದಲ ಕಾನೂನು ಪ್ರಾಧ್ಯಾಪಕರಾದರು. ಅಣಕು ನ್ಯಾಯಾಲಯ, ಅಣಕು ಶಾಸನಸಭೆ ನಡೆಸಿ ಹುಡುಗರನ್ನು ವಾದಕ್ಕಿಳಿಸಿದರು. ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್ ಮರುವರ್ಷ ಅಲ್ಲಿ ಪಾಠ ಕೇಳಿದವರು. ಆಮೇಲೆ, ವಿತ್ ಅವರ ಕೈ ಬರೆಯಲು ಬಾರದಂತಾದಾಗ, ತೀರ್ಪುಗಳನ್ನು ಬರೆದುಕೊಟ್ಟವನು ಹೆನ್ರಿ ಕ್ಲೇ ಎಂಬ ಹುಡುಗ. ತೀರ್ಪಿನ ನಡುವೆ ಮೇಷ್ಟರು ಗ್ರೀಕ್ ಸಾಲು ತುರುಕುತ್ತಿದ್ದರು. ಗ್ರೀಕ್ ಬಾರದ ಕ್ಲೇ ಅಕ್ಷರಗಳನ್ನು ಚಿತ್ರದಂತೆ ನೋಡಿ ಇಳಿಸುತ್ತಿದ್ದ.

ಕೊನೆಯ ಶಿಷ್ಯ ಮೈಕೆಲ್, ಗುಲಾಮನಲ್ಲದ ಮಿಶ್ರ ಜನಾಂಗದ ಹುಡುಗ. ಅವನಿಗೂ ಗ್ರೀಕ್, ಲ್ಯಾಟಿನ್ ಪಾಠ ನಡೆದಿತ್ತು. ಉಯಿಲಿನಲ್ಲಿ ಅವನಿಗೂ ಪಾಲಿಟ್ಟು, ಓದಿಸುವ ಹೊಣೆಯನ್ನು ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್‌ಗೆ ಒಪ್ಪಿಸಿದ್ದರು. ಅದೇ ಮನೆಯಲ್ಲಿ ಅನ್ನ ಉಣ್ಣುತ್ತಿದ್ದ ವಿತ್ ಅವರ ಸೋದರಿಯ ಮೊಮ್ಮಗ ಜಾರ್ಜ್ ಸ್ವೀನಿ ಅಜ್ಜನ ಚೆಕ್ಕುಗಳಿಗೆ ಕಳ್ಳ ಸಹಿ ಹಾಕುತ್ತಿದ್ದ. ಆ ಬೆಳಿಗ್ಗೆ ಅವನು ಕಾಫಿ ಬಗ್ಗಿಸಿಕೊಂಡು, ಬಿಳಿ ಕಾಗದದ ಚೂರೊಂದನ್ನು ಒಲೆಗೆ ಎಸೆದದ್ದನ್ನು ಲಿಡಿಯಾ ಕಂಡಿದ್ದಳು.

ಕಂಡು ಏನು ಬಂತು? ಬಿಳಿಯನ ವಿರುದ್ಧ ಕಪ್ಪು ಜನರ ಸಾಕ್ಷ್ಯ ವರ್ಜೀನಿಯಾದಲ್ಲಿ ನಡೆಯುತ್ತಿರಲಿಲ್ಲ. ಮೈಯುರಿಸುವ ಸಂಗತಿ ಇನ್ನೊಂದಿದೆ. ಸ್ವಾತಂತ್ರ್ಯದ ನಂತರ ರಾಜ್ಯದ ಕಾನೂನುಗಳನ್ನು ಪರಿಷ್ಕರಿಸಲು ಕೂತು 1779ರಲ್ಲಿ ವರದಿ ಕೊಟ್ಟವರು ಜೆಫರ್ಸನ್, ಎಡ್ಮಂಡ್ ಪೆಂಡಲ್ಟನ್ ಮತ್ತು ಇದೇ ವಿತ್. ಆ ಕರಡಿನಲ್ಲೂ ಈ ನಿರ್ಬಂಧ ಕದಲದೆ ಕೂತಿತ್ತು. ಗುಲಾಮಗಿರಿಯನ್ನು ಒಪ್ಪದೆ ಲಿಡಿಯಾಳನ್ನು 1787ರಲ್ಲಿ ಬಿಡುಗಡೆ ಮಾಡಿದ ಮನುಷ್ಯನ ಕಣ್ಣೆದುರೇ ಹಾದುಹೋದ ಸಾಲು ಅದು.

ಸಾಯುವ ಮುನ್ನ ವಿತ್ ಉಯಿಲಿನಿಂದ ಸ್ವೀನಿಯ ಹೆಸರು ತೆಗೆಸಿದರು. ಕೊಲೆ ಮೊಕದ್ದಮೆಯಲ್ಲಿ ಅವನು ಖುಲಾಸೆಯಾದ. ಮೇಷ್ಟರ ಪುಸ್ತಕಗಳು ಜೆಫರ್ಸನ್ ಪಾಲಾದವು.

1807ರಲ್ಲಿ ಲಿಡಿಯಾಳ ಹೆಸರಿನಲ್ಲಿ ಜೆಫರ್ಸನ್‌ಗೆ ಒಂದು ಪತ್ರ ಬಂತು. ದೃಷ್ಟಿ ಹೋಗುತ್ತಿದೆ, ಆ ದಿನಗಳ ವಿಷವೇ ಕಾರಣವೆನ್ನುತ್ತಾರೆ, ಸಹಾಯ ಬೇಕು ಎಂದು. ಜೆಫರ್ಸನ್ ತಮ್ಮ ಖರ್ಚಿನ ಪುಸ್ತಕದಲ್ಲಿ ದಾನವೆಂದು ಬರೆದು 50 ಡಾಲರ್ ಕೊಡಿಸಿದರು.