ಎಂಟು ಅಂಕಿಗಳ ಕಾವಲು

ನೋಡಲು ಪುಟ್ಟ ಕ್ಯಾಲ್ಕ್ಯುಲೇಟರ್. ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್ 2007ರಲ್ಲಿ ಗ್ರಾಹಕರಿಗೆ ಹಂಚತೊಡಗಿದ ‘ಪಿನ್‌ಸೆಂಟ್ರಿ’ ಕಾರ್ಡ್ ರೀಡರ್ ಅದು.

ಕಾರ್ಡ್ ತೂರಿಸಿ ಪಿನ್ ಒತ್ತಿದರೆ ಎಂಟು ಅಂಕಿಗಳು ಮೂಡುತ್ತವೆ. ಅವನ್ನು ಬ್ಯಾಂಕಿನ ಜಾಲತಾಣದಲ್ಲಿ ತುಂಬಬೇಕು. ಲೆಕ್ಕ ಹಾಕುವುದು ಕಾರ್ಡಿನ ಚಿಪ್. ರೀಡರಿಗೆ ಇಂಟರ್ನೆಟ್ಟೂ ಬೇಡ, ಕಂಪ್ಯೂಟರಿನ ನಂಟೂ ಬೇಡ. ಹಾಗಾಗಿ ಪಾಸ್‌ವರ್ಡ್ ಕದ್ದವನ ಆಟ ಅಷ್ಟಕ್ಕೇ ನಡೆಯದು. ಹೊಸಬರಿಗೆ ಹಣ ಕಳಿಸುವಾಗಲಂತೂ ಅವರ ಖಾತೆ ಸಂಖ್ಯೆಯನ್ನೂ ಮೊತ್ತವನ್ನೂ ಒತ್ತಬೇಕು. ಬರುವ ಸಂಕೇತ ಆ ವ್ಯವಹಾರಕ್ಕೆ ಮಾತ್ರ. ನಿಜವಾದ ಜಾಣ್ಮೆ ಇರುವುದು ಇಲ್ಲೇ.

ಆದರೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಾರ್ ಡ್ರೈಮರ್, ಸ್ಟೀವನ್ ಮರ್ಡಾಕ್, ರಾಸ್ ಆಂಡರ್ಸನ್ 2009ರಲ್ಲಿ ಎದೆ ನಡುಗಿಸುವ ಕೊರತೆಯೊಂದನ್ನು ತೋರಿಸಿದರು. ಪಿನ್ ಸರಿಯೋ ತಪ್ಪೋ ಎಂಬುದನ್ನು ರೀಡರ್ ಅಲ್ಲೇ ಹೇಳಿಬಿಡುತ್ತದೆ. ಕತ್ತಲ ಬೀದಿಯಲ್ಲಿ ಚಾಕು ಹಿಡಿದು ನಿಂತವನಿಗೆ ಸುಳ್ಳು ಪಿನ್ ಹೇಳಿ ಪಾರಾಗುವಂತಿಲ್ಲ. ಅವನು ಎಟಿಎಂವರೆಗೆ ನಡೆಯಬೇಕಿಲ್ಲ, ಜೇಬಿನಲ್ಲೊಂದು ರೀಡರ್ ಇದ್ದರೆ ಸಾಕು.