ಸೂಜಿ, ಸೂಟ್‌ಕೇಸು, ಸಂಭಾವನೆ: ಸಂಚಾರಿ ಕ್ವಿಲ್ಟ್ ಶಿಕ್ಷಕಿಯ ಜಮಾ–ಖರ್ಚು

ಸರಕು ಮಾರುವವರ ಲೆಕ್ಕಾಚಾರ ವರ್ತಕ ಬಾಂಧವರಿಗೆ ಸುಪರಿಚಿತವಾದುದು. ಖರೀದಿ ದರ, ಸಾಗಾಣಿಕೆ, ಬಾಡಿಗೆ, ಬಡ್ಡಿ ಮತ್ತು ಲಾಭಾಂಶಗಳನ್ನು ಕೂಡಿಸಿ ಮಾರಾಟದ ದರವನ್ನು ಗೊತ್ತುಪಡಿಸಲಾಗುತ್ತದೆ. ಆದರೆ ಕೈಯಲ್ಲಿರುವ ಕೌಶಲವನ್ನೇ ಸರಕಾಗಿ ಮಾಡಿಕೊಂಡು, ಅದನ್ನು ಊರಿಂದೂರಿಗೆ ಒಯ್ದು ಕಲಿಸಿ ಬದುಕುವವರು ದರ ಕಟ್ಟುವುದು ಹೇಗೆ? ಅಮೆರಿಕದ ಸಂಚಾರಿ ಕ್ವಿಲ್ಟ್ ಶಿಕ್ಷಕಿಯರ ವೃತ್ತಿಯು ಈ ಪ್ರಶ್ನೆಯನ್ನು ಪರಿಶೀಲಿಸಲು ಒಂದು ಉತ್ತಮ ನಿದರ್ಶನವಾಗಿದೆ.

ಕ್ವಿಲ್ಟ್ ಎಂದರೆ ನಮ್ಮ ಕೌದಿಯ ಸಮೀಪದ ಬಂಧು. ತುಂಡು ಬಟ್ಟೆಗಳನ್ನು ವಿನ್ಯಾಸಕ್ಕನುಗುಣವಾಗಿ ಜೋಡಿಸಿದ ಮೇಲ್ಪದರ, ನಡುವೆ ಹತ್ತಿಯ ತೆಳು ಹಾಸು, ಕೆಳಗೊಂದು ಬಟ್ಟೆ, ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ಹೊಲಿಗೆ, ಇಷ್ಟೇ ಅದರ ರಚನೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳಿಂದ ಮಾಡುವುದನ್ನು ಅಮೆರಿಕದ ಗೃಹಿಣಿಯರು ಇಂದು ಬಹುಮಟ್ಟಿಗೆ ಹೊಸ ಬಟ್ಟೆ ಕೊಂಡು ಹವ್ಯಾಸಕ್ಕಾಗಿ ಮಾಡುತ್ತಾರೆ. ಈ ವ್ಯತ್ಯಾಸದಿಂದಲೇ ಅಲ್ಲಿ ಅದೊಂದು ವ್ಯಾಪಾರ ಕ್ಷೇತ್ರವಾಗಿದೆ.

ಕ್ಷೇತ್ರದ ಬೆಳವಣಿಗೆ

ನ್ಯೂಯಾರ್ಕ್ ನಗರದ ವ್ಹಿಟ್ನಿ ಕಲಾ ಸಂಗ್ರಹಾಲಯವು 1971ರಲ್ಲಿ ಹಳೆಯ ಕ್ವಿಲ್ಟ್‌ಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. 1976ರಲ್ಲಿ ಆ ದೇಶದ ಸ್ವಾತಂತ್ರ್ಯದ 200ನೇ ವರ್ಷಾಚರಣೆ ನಡೆದಾಗ ಹಳೆಯ ಕೈಕಸುಬುಗಳ ಬಗೆಗೆ ಆಸಕ್ತಿ ಮರುಕಳಿಸಿತು. 1979ರಲ್ಲಿ ಎರಡು ಮುಖ್ಯ ಸಂಗತಿಗಳು ಘಟಿಸಿದವು. ಜಪಾನಿನ ಓಲ್ಫಾ ಸಂಸ್ಥೆಯು ದುಂಡನೆಯ ಅಲಗು ಉರುಳುತ್ತ ಬಟ್ಟೆ ಕತ್ತರಿಸುವ ರೋಟರಿ ಕಟರನ್ನು ಮಾರುಕಟ್ಟೆಗೆ ತಂದಿತು. ಕತ್ತರಿಯಿಂದ ಒಂದೊಂದೇ ತುಂಡು ಕತ್ತರಿಸುವ ಕೆಲಸ ಇದರಿಂದ ಬಹಳ ಶೀಘ್ರವಾಯಿತು. ಅದೇ ವರ್ಷ ಹ್ಯೂಸ್ಟನ್ ನಗರದಲ್ಲಿ ವರ್ತಕರಿಗಾಗಿಯೇ ಕ್ವಿಲ್ಟ್ ಮಾರ್ಕೆಟ್ ಎಂಬ ಸಗಟು ಮೇಳ ಆರಂಭವಾಯಿತು. 1984ರಲ್ಲಿ ಕೆಂಟಕಿ ರಾಜ್ಯದ ಪಡೂಕಾ ಪಟ್ಟಣದಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ಸ್ಥಾಪನೆಯಾಯಿತು. 1991ರಲ್ಲಿ ಅಲ್ಲಿಯೇ ಕ್ವಿಲ್ಟ್ ಸಂಗ್ರಹಾಲಯವೂ ತೆರೆಯಿತು. ಸುಮಾರು 27 ಸಾವಿರ ಜನಸಂಖ್ಯೆಯ ಆ ಪಟ್ಟಣವನ್ನು 2013ರಲ್ಲಿ ಯುನೆಸ್ಕೋ ತನ್ನ ಸೃಜನಶೀಲ ನಗರಗಳ ಜಾಲಕ್ಕೆ ಸೇರಿಸಿಕೊಂಡಿತು.

ಬಟ್ಟೆ, ದಾರ, ಹೊಲಿಗೆ ಯಂತ್ರ, ಅಳತೆಪಟ್ಟಿ, ಪುಸ್ತಕ ಇವೆಲ್ಲ ಮಾರಾಟವಾಗಬೇಕಾದರೆ ಗ್ರಾಹಕನಿಗೆ ಮೊದಲು ಕಸುಬು ಬರಬೇಕು. ಕಲಿಸುವ ಈ ಹೊಣೆಯನ್ನು ಹೊತ್ತವರಲ್ಲಿ ಸಂಚಾರಿ ಶಿಕ್ಷಕಿಯರು ಪ್ರಮುಖರು. ಅವರು ಒಂದು ಊರಿನಲ್ಲಿ ಕಲಿಸಿ ಹೋದ ಬಳಿಕ ಆ ಊರಿನ ಬಟ್ಟೆ ಅಂಗಡಿಗೆ ವ್ಯಾಪಾರ. ಶಿಕ್ಷಕಿಯ ಪಾಲಿಗೆ ಉಳಿಯುವುದೆಷ್ಟು ಎಂಬುದು ಬೇರೆಯೇ ಲೆಕ್ಕ.

ಆಹ್ವಾನದಿಂದ ಪಾಠದವರೆಗೆ

ಅಲ್ಲಿ ಊರೂರಿನಲ್ಲಿ ಕ್ವಿಲ್ಟ್ ಹೊಲಿಯುವವರ ಸಂಘಗಳಿವೆ. ಇವುಗಳಿಗೆ ಗಿಲ್ಡ್ ಎಂದು ಹೆಸರು. ಸದಸ್ಯರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೇರುತ್ತಾರೆ. ಹೊರಗಿನ ಶಿಕ್ಷಕಿಯನ್ನು ಬಹಳ ತಿಂಗಳು ಮುಂಚಿತವಾಗಿ ಗೊತ್ತುಮಾಡಿಕೊಂಡು, ಒಂದು ಸಂಜೆ ಉಪನ್ಯಾಸ, ಮರುದಿನ ಇಡೀ ದಿನದ ಕಾರ್ಯಾಗಾರ ಏರ್ಪಡಿಸುವುದು ರೂಢಿ. ಉಪನ್ಯಾಸದ ವೇಳೆ ಶಿಕ್ಷಕಿ ತಾನು ಹೊಲಿದ ಕ್ವಿಲ್ಟ್‌ಗಳನ್ನು ಪೆಟ್ಟಿಗೆಯಿಂದ ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಸಭಿಕರು ನೋಡಬಯಸುವುದು ಚಿತ್ರಗಳನ್ನಲ್ಲ, ನಿಜವಾದ ಹೊಲಿಗೆಯನ್ನು. ಆದುದರಿಂದ ಕೃತಿಗಳನ್ನು ಹೊತ್ತೊಯ್ಯದೆ ಗತ್ಯಂತರವಿಲ್ಲ.

ಅನುಭವಿ ಶಿಕ್ಷಕಿಯರು ಲಿಖಿತ ಕರಾರು ಇಲ್ಲದೆ ಹೊರಡುವುದಿಲ್ಲ. ದಿನದ ಸಂಭಾವನೆ, ಪ್ರಯಾಣ ವೆಚ್ಚ, ವಸತಿ, ಊಟದ ಭತ್ಯೆ, ವಿದ್ಯಾರ್ಥಿಗಳ ಗರಿಷ್ಠ ಸಂಖ್ಯೆ, ಕೊನೆ ಗಳಿಗೆಯಲ್ಲಿ ರದ್ದಾದರೆ ಕೊಡಬೇಕಾದ ಪರಿಹಾರ ಇವೆಲ್ಲ ಕರಾರಿನಲ್ಲಿ ನಮೂದಾಗಿರುತ್ತವೆ. ಸದಸ್ಯೆಯೊಬ್ಬರ ಮನೆಯಲ್ಲಿ ತಂಗಬೇಕಾದರೆ ಅಲ್ಲಿ ಧೂಮಪಾನವಿರಕೂಡದು, ಬೆಕ್ಕು ನಾಯಿಗಳಿರಕೂಡದು ಎಂಬ ಷರತ್ತನ್ನೂ ಕೆಲವರು ಸೇರಿಸುವುದುಂಟು. ತರಗತಿಯ ಕೋಣೆಯ ವಿದ್ಯುತ್ ವ್ಯವಸ್ಥೆಯನ್ನು ಮೊದಲೇ ವಿಚಾರಿಸುವುದೂ ಅಷ್ಟೇ ಅಗತ್ಯ. ಇಪ್ಪತ್ತು ಹೊಲಿಗೆ ಯಂತ್ರಗಳ ಜೊತೆಗೆ ನಾಲ್ಕಾರು ಇಸ್ತ್ರಿಪೆಟ್ಟಿಗೆಗಳು ಒಂದೇ ಮಾರ್ಗದಲ್ಲಿ ಚಾಲನೆಗೊಂಡರೆ ಫ್ಯೂಸ್ ಹೋಗಿ ಅರ್ಧ ದಿನದ ಪಾಠ ನಷ್ಟವಾಗುತ್ತದೆ.

ಒಂದು ದಿನದ ಪಾಠಕ್ಕೆ ಎಷ್ಟು ದಿನದ ದುಡಿಮೆ?

ದಿನದ ಸಂಭಾವನೆ 100 ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಸಂಘವೇ ಭರಿಸುತ್ತದೆ. ಮೇಲ್ನೋಟಕ್ಕೆ 100 ಪೂರ್ತಿ ಗಳಿಕೆಯೇ. ಆದರೆ ಹೋಗಲು ಒಂದು ದಿನ, ಪಾಠಕ್ಕೆ ಒಂದು ದಿನ, ಮರಳಲು ಒಂದು ದಿನ, ಬಟ್ಟೆಯ ಕಿಟ್ ಕತ್ತರಿಸಿ ಪೆಟ್ಟಿಗೆ ಕಟ್ಟಲು ಒಂದು ದಿನ, ಪತ್ರವ್ಯವಹಾರ ಮತ್ತು ಲೆಕ್ಕಪತ್ರಕ್ಕೆ ಒಂದು ದಿನ ಹಿಡಿದರೆ ಒಟ್ಟು 5 ದಿನ. ದಿನವೊಂದಕ್ಕೆ ಬಿದ್ದದ್ದು 20.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಪಾಠಕ್ಕೆ ಆಧಾರವಾದ ಮಾದರಿ ಕ್ವಿಲ್ಟನ್ನು ಹೊಲಿಯಲು 40 ದಿನ ಹಿಡಿಯಿತು, ಆ ಪಾಠವನ್ನು 20 ಬಾರಿ ಕಲಿಸಲಾಯಿತು ಎನ್ನೋಣ. ಪ್ರತಿ ಪಾಠದ ಪಾಲಿಗೆ 2 ದಿನ ಸೇರುತ್ತದೆ. ಆಗ 100ನ್ನು 7 ದಿನಗಳಿಗೆ ಹಂಚಬೇಕು. ದಿನಕ್ಕೆ ಸುಮಾರು 14 ಮಾತ್ರ. ಕಾರ್ಖಾನೆಯವರು ಅಚ್ಚಿನ ವೆಚ್ಚವನ್ನು ತಯಾರಾಗುವ ನಗಗಳ ಮೇಲೆ ಹಂಚುವ ಕ್ರಮವೇ ಇದು. ಆದರೆ ಅಚ್ಚಿನ ಬೆಲೆಗೆ ಬಿಲ್ಲು ಇರುತ್ತದೆ. ಸ್ವಂತ ಕೈಯ 40 ದಿನಗಳಿಗೆ ಯಾವ ಬಿಲ್ಲೂ ಇಲ್ಲದ ಕಾರಣ ಅದು ಖರ್ಚಿನ ಪಟ್ಟಿಗೇ ಬರುವುದಿಲ್ಲ.

ಇನ್ನೊಂದು ವಿಧಾನ ನೋಡಬಹುದು. ನೆರೆಯ ಎರಡು ಊರುಗಳ ಗಿಲ್ಡ್‌ಗಳು ಕೂಡಿ ಒಂದೇ ಪ್ರವಾಸದಲ್ಲಿ ಮೂರು ದಿನ ಪಾಠ ಇರಿಸಿಕೊಂಡವೆನ್ನಿ. ಸಂಭಾವನೆ 300. ಪಾಠ 3 ದಿನ, ಪ್ರಯಾಣ 2 ದಿನ, ಸಿದ್ಧತೆ ಮತ್ತು ಲೆಕ್ಕಪತ್ರ 2 ದಿನ, ಮಾದರಿಯ ಪಾಲು 6 ದಿನ, ಒಟ್ಟು 13. ದಿನಕ್ಕೆ 23. ದರ ಏರಿಸದೆಯೇ ಗಳಿಕೆ ಅರ್ಧಕ್ಕಿಂತ ಹೆಚ್ಚು ವೃದ್ಧಿಸಿತು. ವಿಮಾನದ ಟಿಕೆಟ್ಟನ್ನು ಇಬ್ಬರು ಹಂಚಿಕೊಂಡುದರಿಂದ ಗಿಲ್ಡ್‌ಗಳಿಗೂ ಉಳಿತಾಯ. ಶಿಕ್ಷಕಿಯರು ನೆರೆಹೊರೆಯ ಸಂಘಗಳನ್ನು ಒಗ್ಗೂಡಿಸಲು ಶ್ರಮಿಸುವುದು ಈ ಕಾರಣದಿಂದ.

ಪ್ರಯಾಣದ ತಾಪತ್ರಯಗಳು

ಕಾಗದದ ಮೇಲಿನ ಈ ಲೆಕ್ಕವನ್ನು ಕೆಡಿಸುವುದು ಪ್ರಯಾಣ. ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು 2008ರಿಂದ ಮೊದಲನೆಯ ಪೆಟ್ಟಿಗೆಗೂ ಶುಲ್ಕ ವಿಧಿಸತೊಡಗಿದವು. ಪೆಟ್ಟಿಗೆಯ ಸಾಮಾನ್ಯ ತೂಕದ ಮಿತಿ 50 ಪೌಂಡು, ಅಂದರೆ ಸುಮಾರು 23 ಕಿಲೋ. ಕ್ವಿಲ್ಟ್‌ಗಳು, ಪುಸ್ತಕಗಳು, ಕಿಟ್‌ಗಳು ಸೇರಿದರೆ ಈ ಮಿತಿ ಬೇಗ ತುಂಬುತ್ತದೆ. ಕರಾರಿನಲ್ಲಿ ಪ್ರಯಾಣ ವೆಚ್ಚ ಎಂದಷ್ಟೇ ಬರೆದು ಪೆಟ್ಟಿಗೆಯ ಶುಲ್ಕವನ್ನು ಸ್ಪಷ್ಟಪಡಿಸದಿದ್ದರೆ ಅದು ಶಿಕ್ಷಕಿಯ ತಲೆಯ ಮೇಲೆ ಬೀಳುತ್ತದೆ.

ಉಪಕರಣಗಳದ್ದು ಇನ್ನೊಂದು ತೊಡಕು. ಅಲ್ಲಿನ ಭದ್ರತಾ ನಿಯಮದಂತೆ 2005ರ ಡಿಸೆಂಬರಿನಿಂದ ತಿರುಗಣೆಯಿಂದಾಚೆಗೆ 4 ಅಂಗುಲಕ್ಕಿಂತ ಕಡಿಮೆ ಉದ್ದದ ಕತ್ತರಿಗೆ ಕೈಚೀಲದಲ್ಲಿ ಅನುಮತಿಯಿದೆ. ರೋಟರಿ ಕಟರಿನ ಅಲಗಿಗೆ ಇಲ್ಲ. ಹೀಗಾಗಿ ಕಟರು ದೊಡ್ಡ ಪೆಟ್ಟಿಗೆಯಲ್ಲಿ ಹೋಗಬೇಕು. ಆ ಪೆಟ್ಟಿಗೆ ಬೇರೆ ಊರಿಗೆ ಹೋದರೆ ಮರುದಿನದ ಪಾಠಕ್ಕೆ ಉಪಕರಣವೂ ಇಲ್ಲ, ಮಾದರಿಯೂ ಇಲ್ಲ. ಚಳಿಗಾಲದ ಹಿಮಪಾತದಿಂದ ವಿಮಾನ ರದ್ದಾದಾಗ ಮೂವತ್ತು ಜನ ವಿದ್ಯಾರ್ಥಿನಿಯರು ರಜೆ ಹಾಕಿ ಬಂದು ಕುಳಿತಿರುತ್ತಾರೆ. ಆದಕಾರಣ ಒಂದು ದಿನ ಮುಂಚಿತವಾಗಿ ತಲುಪುವುದು, ಅತಿ ಮುಖ್ಯವಾದ ಎರಡು ಮಾದರಿಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು, ಕಿಟ್‌ಗಳನ್ನು ಮೊದಲೇ ಪಾರ್ಸೆಲ್ ಕಳುಹಿಸುವುದು ಅನುಭವಿಗಳ ಪದ್ಧತಿ.

ಪೆಟ್ಟಿಗೆಯೇ ಕಳೆದುಹೋದರೆ ಪರಿಹಾರವೇನು? ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಸಾಮಾನಿನ ಪರಿಹಾರಕ್ಕೆ ಮಿತಿಯಿದೆ. ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಮಾನದಲ್ಲಿ ಅದು 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519. ಡಾಲರಿನಲ್ಲಿ ಎರಡು ಸಾವಿರದ ಆಸುಪಾಸು. ವರ್ಷಗಟ್ಟಲೆ ದುಡಿದ ಹತ್ತು ಕ್ವಿಲ್ಟ್‌ಗಳಿಗೆ ಇದು ಸಾಲದು. ಸಾಮಾನು ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯವನ್ನು ಘೋಷಿಸಿ, ಕೇಳಿದ ಹೆಚ್ಚುವರಿ ಶುಲ್ಕ ಕೊಟ್ಟರೆ ಮಿತಿ ಏರುತ್ತದೆ. ಹಾನಿಯಾದಲ್ಲಿ 7 ದಿನಗಳೊಳಗೆ, ತಡವಾಗಿ ದೊರೆತಲ್ಲಿ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಭಾರತವೂ ಈ ಒಪ್ಪಂದಕ್ಕೆ ಸೇರಿರುವುದರಿಂದ ವಿದೇಶಿ ಮೇಳಗಳಿಗೆ ಮಾದರಿ ಹೊತ್ತೊಯ್ಯುವ ಇಲ್ಲಿನ ರಫ್ತುದಾರರೂ ಇದನ್ನು ಅರಿತಿರತಕ್ಕದ್ದು. ಪ್ರತ್ಯೇಕ ವಿಮೆ ಮಾಡಿಸುವವರು ತಜ್ಞರ ಲಿಖಿತ ಮೌಲ್ಯಮಾಪನವನ್ನು ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ವಿಮಾ ಕಂಪನಿಯ ದೃಷ್ಟಿಯಲ್ಲಿ ಕ್ವಿಲ್ಟ್ ಎಂದರೆ ಬರಿಯ ಹೊದಿಕೆ.

ದೆಹಲಿಯಲ್ಲಿ ಮೊದಲಾದ ಹೊಲಿಗೆ

ಈ ಹಗ್ಗಜಗ್ಗಾಟದಿಂದ ಹೊರಬರುವ ದಾರಿಯನ್ನು ಕಂಡುಕೊಂಡವರಲ್ಲಿ ಜಿನ್ನಿ ಬೇಯರ್ ಅವರು ಪ್ರಸಿದ್ಧರು. ಅವರ ಕಸುಬಿನ ಆರಂಭ ಭಾರತದಲ್ಲಿಯೇ ಆದುದು ಗಮನಾರ್ಹ. 1970ರ ದಶಕದ ಮೊದಲ ವರ್ಷಗಳಲ್ಲಿ ಕುಟುಂಬದೊಡನೆ ದೆಹಲಿಯಲ್ಲಿದ್ದಾಗ ಅವರು ಇಲ್ಲಿನ ಅಚ್ಚೊತ್ತಿದ ಹತ್ತಿ ಬಟ್ಟೆಗಳಿಂದ ಷಟ್ಕೋನದ ತುಂಡುಗಳನ್ನು ಕೈಯಲ್ಲೇ ಜೋಡಿಸಿ ತಮ್ಮ ಮೊದಲ ಕ್ವಿಲ್ಟ್ ಹೊಲಿಯತೊಡಗಿದರು. ಭಾರತೀಯ ಬಟ್ಟೆಗಳ ಗಾಢ ವರ್ಣಗಳೂ ಅಂಚಿನ ಪಟ್ಟಿಗಳೂ ಅವರ ವಿನ್ಯಾಸದಲ್ಲಿ ನೆಲೆಯೂರಿದವು. ಸ್ವದೇಶಕ್ಕೆ ಮರಳಿದ ಬಳಿಕ 1978ರಲ್ಲಿ ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಅವರ ‘ರೇ ಆಫ್ ಲೈಟ್’ ಕ್ವಿಲ್ಟ್ ಪ್ರಥಮ ಬಹುಮಾನ ಪಡೆಯಿತು. ಆಮೇಲೆ ಪಾಠಕ್ಕೆ ಆಹ್ವಾನಗಳಿಗೆ ಕೊರತೆಯಾಗಲಿಲ್ಲ.

ಅವರು ಪಾಠದ ದಿನಗಳನ್ನಷ್ಟೇ ನೆಚ್ಚಿ ಕೂರಲಿಲ್ಲ. 1979ರಿಂದ ಪುಸ್ತಕಗಳನ್ನು ಪ್ರಕಟಿಸಿದರು. 2009ರ ಅವರ ವಿನ್ಯಾಸಕೋಶವೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನಮೂನೆಗಳಿವೆ. 1980ರ ದಶಕದಿಂದ ಬಟ್ಟೆ ತಯಾರಕರಿಗೆ ತಮ್ಮ ಹೆಸರಿನ ಮುದ್ರಿತ ಬಟ್ಟೆಗಳನ್ನು ವಿನ್ಯಾಸಗೊಳಿಸಿದರು. ಭಾರತದ ನೆನಪಿನ ಅಂಚುಪಟ್ಟಿ ಬಟ್ಟೆಗಳು ಅವರ ಗುರುತಾದವು. ಅದೇ ದಶಕದಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಹಿಲ್ಟನ್ ಹೆಡ್ ದ್ವೀಪದಲ್ಲಿ ವಾರ್ಷಿಕ ಶಿಬಿರ ಆರಂಭಿಸಿ ಬಹುಕಾಲ ನಡೆಸಿದರು. ಶಿಕ್ಷಕಿ ವಿದ್ಯಾರ್ಥಿಗಳ ಬಳಿಗೆ ಹೋಗುವ ಬದಲು ವಿದ್ಯಾರ್ಥಿಗಳೇ ಶಿಕ್ಷಕಿ ಇದ್ದೆಡೆಗೆ ಬಂದರು. ಪ್ರಯಾಣದ ಭಾರ ಒಬ್ಬರ ಹೆಗಲಿನಿಂದ ಇಳಿದು ಹಲವರಲ್ಲಿ ಹಂಚಿಹೋಯಿತು.

ಅವರು ಯಂತ್ರಕ್ಕಿಂತ ಕೈಹೊಲಿಗೆಗೆ ಪ್ರಾಶಸ್ತ್ಯ ಕೊಟ್ಟವರು. 2004ರಲ್ಲಿ ಅದರ ಬಗೆಗೇ ಒಂದು ಗ್ರಂಥ ಪ್ರಕಟಿಸಿದರು. ಕೈಹೊಲಿಗೆಗೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಸಣ್ಣ ಚೀಲದಲ್ಲಿ ಸೂಜಿ, ದಾರ, ಕತ್ತರಿಸಿದ ತುಂಡುಗಳಿದ್ದರೆ ವಿಮಾನ ನಿಲ್ದಾಣದಲ್ಲಿ ಕಾಯುವ ಗಂಟೆಗಳೂ ದುಡಿಮೆಯ ಗಂಟೆಗಳಾಗುತ್ತವೆ. ಸಂಚಾರಿ ಶಿಕ್ಷಕಿಯರ ಎಷ್ಟೋ ಹೊಸ ಕೃತಿಗಳು ಹೀಗೆ ಪ್ರಯಾಣದ ನಡುವೆಯೇ ರೂಪುಗೊಳ್ಳುತ್ತವೆ.

ತೆರಿಗೆ ಮತ್ತು ದಾಖಲೆ

ಸಂಚಾರಿ ಶಿಕ್ಷಕಿ ಸಾಮಾನ್ಯವಾಗಿ ಯಾರ ನೌಕರಳೂ ಅಲ್ಲ, ಸ್ವತಂತ್ರ ವೃತ್ತಿನಿರತಳು. ಆದಾಯ ತೆರಿಗೆಯಲ್ಲದೆ ನಿವ್ವಳ ಗಳಿಕೆಯ ಬಹುಪಾಲಿನ ಮೇಲೆ ಶೇ. 15.3ರ ಸ್ವ-ಉದ್ಯೋಗ ತೆರಿಗೆಯನ್ನೂ ತೆರಬೇಕು. ನೌಕರರಿಗಾದರೆ ಇದರ ಅರ್ಧವನ್ನು ಮಾಲೀಕರು ಭರಿಸುತ್ತಾರೆ. ವೃತ್ತಿಗಾಗಿ ಸ್ವಂತ ಕಾರು ಓಡಿಸಿದರೆ 2025ನೇ ವರ್ಷಕ್ಕೆ ಮೈಲಿಗೆ 70 ಸೆಂಟ್‌ನಂತೆ ಖರ್ಚು ತೋರಿಸಬಹುದಾಗಿತ್ತು. ಅದಕ್ಕೆ ದಿನಾಂಕ, ಉದ್ದೇಶ, ದೂರ ಬರೆದ ಪುಸ್ತಕ ಬೇಕೇಬೇಕು. ಉಪನ್ಯಾಸದ ಬಳಿಕ ಪುಸ್ತಕ ಮಾರಿದರೆ ಆಯಾ ರಾಜ್ಯದ ಮಾರಾಟ ತೆರಿಗೆಯ ನಿಯಮವನ್ನೂ ಪಾಲಿಸಬೇಕು. ನಮ್ಮಲ್ಲಿ ಬೇರೆ ರಾಜ್ಯದ ಮೇಳಕ್ಕೆ ಹೋಗುವ ವ್ಯಾಪಾರಿಗಳಿಗೆ ಜಿಎಸ್‌ಟಿಯಲ್ಲಿರುವ ‘ಕ್ಯಾಶುಯಲ್ ಟ್ಯಾಕ್ಸಬಲ್ ಪರ್ಸನ್’ ನೋಂದಣಿ ಇದಕ್ಕೆ ಸಮಾನವಾದುದು.

2020ರಲ್ಲಿ ಕೋವಿಡ್ ಕಾರಣದಿಂದ ಗಿಲ್ಡ್‌ಗಳ ಸಭೆಗಳು ನಿಂತು, ಆಹ್ವಾನಗಳು ರದ್ದಾದವು. ಕರಾರಿನಲ್ಲಿ ರದ್ದತಿಯ ಷರತ್ತು ಇದ್ದವರಿಗೂ ಇಲ್ಲದವರಿಗೂ ಇರುವ ಅಂತರ ಆಗ ಎದ್ದು ಕಂಡಿತು. ಹಲವರು ಮನೆಯಿಂದಲೇ ಜೂಮ್ ಮೂಲಕ ಪಾಠ ಆರಂಭಿಸಿದರು. ಪ್ರಯಾಣದ ದಿನಗಳು ಉಳಿದವು. ಆದರೆ ವಿದ್ಯಾರ್ಥಿನಿಯ ಬೆರಳು ಹಿಡಿದು ತಿದ್ದುವುದು ಪರದೆಯ ಮೇಲೆ ಅಸಾಧ್ಯ. ಪಾಠದ ಮುದ್ರಣವನ್ನೂ ಟಿಪ್ಪಣಿಗಳನ್ನೂ ಗೆಳತಿಯರಿಗೆ ದಾಟಿಸುವ ಹಳೆಯ ತೊಂದರೆ ಇನ್ನಷ್ಟು ಸುಲಭವಾಯಿತು.

ಇಲ್ಲಿನವರಿಗೆ ಏನು ಪಾಠ?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಗ್ರಹಾಲಯವೊಂದರಲ್ಲಿ ಪ್ರದರ್ಶಿತವಾದವು. ಕೌದಿ ಅಷ್ಟು ದೂರ ಹೋಗಬಲ್ಲದು. ಆದರೆ ಇಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿದುಕೊಡುವ ಹೆಣ್ಣುಮಗಳಿಗೆ ದೊರೆಯುವುದು ಕೌದಿಗಿಷ್ಟು ಎಂಬ ಕೂಲಿ. ನಡೆದು ಬಂದ ದಾರಿಗೂ ಕೈಯಲ್ಲಿರುವ ನಮೂನೆಗೂ ಬೆಲೆ ಕಟ್ಟುವವರಿಲ್ಲ. ಕಸೂತಿ ಕಲಿಸಲು, ಯಂತ್ರ ದುರಸ್ತಿಗೆ, ಮಾದರಿ ತೋರಿಸಲು ಪರವೂರಿಗೆ ಹೋಗುವ ಕಿರು ಉದ್ದಿಮೆದಾರರ ಸ್ಥಿತಿಯೂ ಬಹಳ ಭಿನ್ನವಲ್ಲ.

ಮೂರು ಕ್ರಮಗಳನ್ನು ಕೈಗೊಳ್ಳಬಹುದು. ದರ ಹೇಳುವ ಮೊದಲು ಹೋಗಿಬರುವ ದಿನ, ಸಿದ್ಧತೆಯ ದಿನ, ಮಾದರಿಯ ಪಾಲು ಇವನ್ನು ಬರೆದು ಕೂಡಿಸಬೇಕು. ಒಂದೇ ದಿಕ್ಕಿನ ಎರಡು ಮೂರು ಗ್ರಾಹಕರನ್ನು ಒಂದೇ ಪ್ರವಾಸಕ್ಕೆ ಹೊಂದಿಸಿ, ಒಪ್ಪಂದವನ್ನು ಕಾಗದದ ಮೇಲೆ ಇಳಿಸಬೇಕು. ತಾವು ಖುದ್ದಾಗಿ ಇಲ್ಲದಾಗಲೂ ಗಳಿಸಿಕೊಡುವ ಒಂದಾದರೂ ಬಾಬನ್ನು, ಪುಸ್ತಕವೋ ಕಿಟ್ಟೋ ವಿನ್ಯಾಸದ ರಾಯಧನವೋ, ಕ್ರಮೇಣ ಬೆಳೆಸಿಕೊಳ್ಳಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಬಂಡವಾಳವೇ ಬೇಡ. ಒಂದು ನೋಟ್‌ಪುಸ್ತಕ ಸಾಕು, ಮುಂದಿನ ಪ್ರವಾಸದಿಂದಲೇ ಆರಂಭಿಸಬಹುದು.