ದಿವಾಳಿ ಬರೆದುಕೊಡದ ಅಂಗಡಿಕಾರ

ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೆ ಎರಡು ಬಗೆಯ ಭಯಗಳುಂಟು. ಇಂದು ಗಿರಾಕಿಗಳು ಬಾರದೆ ಹೋದರೆ ಗತಿಯೇನು ಎಂಬುದೊಂದು. ಬಾಗಿಲು ಮುಚ್ಚಬೇಕಾಗಿ ಬಂದರೆ ಹಾಲಿನವನಿಗೂ ದಿನಸಿಯವನಿಗೂ ಮಾಣಿಗಳಿಗೂ ಏನೆಂದು ಉತ್ತರ ಹೇಳುವುದು ಎಂಬುದು ಇನ್ನೊಂದು. ಮೊದಲಿನದು ನಿದ್ದೆ ಬಂದರೆ ಮರೆಯುತ್ತದೆ. ಎರಡನೆಯದು ನಿದ್ದೆಯನ್ನೇ ಕೊಡುವುದಿಲ್ಲ. ಅಂಗಡಿ ಮುಳುಗಿದ ಮೇಲೆ ಈ ಎರಡನೆಯ ಭಯವನ್ನು ಹತ್ತು ವರ್ಷಗಳಿಗೂ ಮೀರಿ ಹೊತ್ತು ನಡೆದ ಒಬ್ಬ ಸಣ್ಣ ಊರಿನ ವ್ಯಾಪಾರಿಯ ಕಥೆಯನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಅವರ ಹೆಸರು ಹ್ಯಾರಿ ಟ್ರೂಮನ್. ಅವರು ಮುಂದೆ ಅಮೆರಿಕದ ಅಧ್ಯಕ್ಷರಾದುದನ್ನು ಎಲ್ಲರೂ ಬಲ್ಲರು. ಅದಕ್ಕೆ ಹಿಂದಿನ ಐವತ್ತು ವರ್ಷಗಳೇ ನಮ್ಮಂಥವರಿಗೆ ಹೆಚ್ಚು ಹತ್ತಿರದವು.

ಟ್ರೂಮನ್ನರು ಹುಟ್ಟಿದುದು 1884ರಲ್ಲಿ, ಮಿಸೂರಿ ಸಂಸ್ಥಾನದ ಲಮಾರ್ ಎಂಬಲ್ಲಿ. ಬೆಳೆದುದು ಅದೇ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಿಂದಲೇ ದೃಷ್ಟಿ ಮಂದ; ದಪ್ಪ ಕನ್ನಡಕ. 1901ರಲ್ಲಿ ಹೈಸ್ಕೂಲು ಮುಗಿಯುವ ಹೊತ್ತಿಗೆ ತಂದೆಯವರು ಧಾನ್ಯದ ಸಟ್ಟಾ ವ್ಯಾಪಾರಕ್ಕೆ ಕೈಹಾಕಿ ಇದ್ದುದನ್ನೆಲ್ಲ ಕಳೆದುಕೊಂಡರು. ಕಾಲೇಜಿನ ಆಸೆ ಅಲ್ಲಿಗೇ ಕಮರಿತು. ಯುವಕನು ರೈಲು ಹಾದಿಯ ಕೆಲಸದಲ್ಲಿ ಕೂಲಿಗಳ ಹಾಜರಿ ಬರೆದನು. ಬಳಿಕ ಪಕ್ಕದ ಕ್ಯಾನ್ಸಾಸ್ ಸಿಟಿಯ ಬ್ಯಾಂಕುಗಳಲ್ಲಿ ಗುಮಾಸ್ತೆಯಾದನು. 1906ರಲ್ಲಿ ಮನೆಯವರು ಕರೆದಾಗ ಹಳ್ಳಿಗೆ ಹೋಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನೇಗಿಲು ಹಿಡಿದನು.

1917ರಲ್ಲಿ ಅಮೆರಿಕವು ಮೊದಲ ಮಹಾಯುದ್ಧಕ್ಕಿಳಿಯಿತು. ಟ್ರೂಮನ್ನರಿಗೆ ಆಗ 33 ವರ್ಷ. ವಯಸ್ಸು, ಬೇಸಾಯ, ಕಣ್ಣು ಇವುಗಳಲ್ಲಿ ಯಾವುದೊಂದನ್ನು ಮುಂದೊಡ್ಡಿದ್ದರೂ ಮನೆಯಲ್ಲಿ ಉಳಿಯಬಹುದಾಗಿತ್ತು. ಆದರೂ ಸೇರಿದರು. ಓಕ್ಲಹೋಮದ ಶಿಬಿರದಲ್ಲಿ ಅವರಿಗೆ ಮೊದಲು ದೊರೆತ ಜವಾಬ್ದಾರಿಗಳಲ್ಲೊಂದು ನಮ್ಮ ಓದುಗರಿಗೆ ತೀರ ಪರಿಚಿತವಾದುದು: ಪಡೆಯ ಕ್ಯಾಂಟೀನು ನಡೆಸುವುದು! ಅಂಗಡಿಯ ಕೆಲಸ ಬಲ್ಲ ಎಡ್ಡಿ ಜೇಕಬ್‌ಸನ್ ಎಂಬ ಯೆಹೂದಿ ತರುಣನನ್ನು ಜೊತೆಗಿಟ್ಟುಕೊಂಡರು. ಸಿಪಾಯಿಗಳಿಂದ ತಲೆಗೆ ಎರಡು ಡಾಲರಿನಂತೆ ಬಂಡವಾಳ ಕೂಡಿಸಿದರು. ಬೇರೆ ಕ್ಯಾಂಟೀನುಗಳು ನಷ್ಟದಲ್ಲಿ ಮುಳುಗುತ್ತಿದ್ದಾಗ ಇವರದು ಬಂಡವಾಳವನ್ನು ಹಿಂದಿರುಗಿಸಿ ಲಾಭವನ್ನೂ ಹಂಚಿತು.

1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ‘ಡಿ’ ಎಂಬ ಫಿರಂಗಿ ದಳಕ್ಕೆ ಅವರು ಕ್ಯಾಪ್ಟನ್ನರಾದರು. ಸುಮಾರು 190 ಮಂದಿಯ, ಯಾವ ಅಧಿಕಾರಿಯ ಮಾತನ್ನೂ ಕೇಳದ ಪುಂಡರ ದಳವೆಂದು ಅದು ಹೆಸರುವಾಸಿ. ಕನ್ನಡಕದ ಈ ರೈತನು ಅವರನ್ನು ಶಿಸ್ತಿಗೆ ತಂದು, ಮ್ಯೂಸ್-ಆರ್ಗಾನ್ ಕಾಳಗದಲ್ಲಿ ನಡೆಸಿ, ಮರಳಿ ಕರೆತಂದನು. ಆ ಪುಂಡರೇ ತಮ್ಮ ಕ್ಯಾಪ್ಟನ್ನರಿಗೆ ದೊಡ್ಡ ಬೆಳ್ಳಿಯ ಬಟ್ಟಲೊಂದನ್ನು ಕಾಣಿಕೆಯಾಗಿ ಕೊಟ್ಟರು.

1919ರ ನವೆಂಬರಿನಲ್ಲಿ ಟ್ರೂಮನ್ ಮತ್ತು ಜೇಕಬ್‌ಸನ್ನರು ಪಾಲುಗಾರಿಕೆಯಲ್ಲಿ ಕ್ಯಾನ್ಸಾಸ್ ಸಿಟಿಯ ಹನ್ನೆರಡನೆಯ ಬೀದಿಯಲ್ಲಿ, ದೊಡ್ಡ ಹೋಟೆಲೊಂದರ ಎದುರಿಗೆ ಗಂಡಸರ ಉಡುಪಿನ ಅಂಗಡಿ ತೆರೆದರು. ಅಂಗಿ, ಟೈ, ಟೋಪಿ, ಕಾಲುಚೀಲ. ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಬಾಗಿಲು ತೆರೆದಿರುತ್ತಿತ್ತು. ಖರೀದಿ ಜೇಕಬ್‌ಸನ್ನರದು, ಲೆಕ್ಕ ಟ್ರೂಮನ್ನರದು. ಬೆಳ್ಳಿಯ ಬಟ್ಟಲು ಅಂಗಡಿಯಲ್ಲಿ ಹೊಳೆಯುತ್ತಿತ್ತು. ದಳದ ಹುಡುಗರು ಬಂದು ಹರಟುವರು. ಕೆಲವರು ಕೈಗಡ ಕೇಳುವರು. ಮೊದಲ ವರ್ಷ ವ್ಯಾಪಾರವು ಚೆನ್ನಾಗಿಯೇ ನಡೆಯಿತು.

ಅನಂತರ ಮುಗ್ಗಟ್ಟು ಬಂದಿತು. 1920ರ ಬಳಿಕ ಗೋಧಿಯ ಬೆಲೆ ಕುಸಿಯಿತು. ರೈತನ ಕೈ ಬರಿದಾಯಿತು. ರೇಷ್ಮೆಯ ಅಂಗಿಯನ್ನು ಕೇಳುವವರಿಲ್ಲವಾದರು. ದುಬಾರಿಯ ಕಾಲದಲ್ಲಿ ಕೊಂಡ ಸರಕು ಕಪಾಟಿನಲ್ಲಿ ಕುಳಿತಲ್ಲಿಯೇ ಬೆಲೆ ಕಳೆದುಕೊಂಡಿತು. 1922ರಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಸರಕು ಕೊಟ್ಟವರು, ಬ್ಯಾಂಕಿನವರು, ಅಂಗಡಿಯ ಮಾಲೀಕರು, ಎಲ್ಲರೂ ಎದುರಿಗೆ ನಿಂತರು.

ದಿವಾಳಿಯೆಂದು ನ್ಯಾಯಾಲಯಕ್ಕೆ ಅರ್ಜಿ ಬರೆದುಕೊಟ್ಟಿದ್ದರೆ ಕಾನೂನು ಅವರನ್ನು ಬಿಡುಗಡೆ ಮಾಡುತ್ತಿತ್ತು. ಜೇಕಬ್‌ಸನ್ನರು ದಾರಿಗಾಣದೆ 1925ರಲ್ಲಿ ಹಾಗೆಯೇ ಮಾಡಿದರು. ಅದರಲ್ಲಿ ಮೋಸವೇನೂ ಇರಲಿಲ್ಲ, ಗೆಳೆತನವೂ ಕೆಡಲಿಲ್ಲ. ಟ್ರೂಮನ್ನರು ಮಾತ್ರ ಬರೆದುಕೊಡಲಿಲ್ಲ. ಅಷ್ಟಿಷ್ಟೆಂದು ತೀರಿಸುತ್ತ ಬಂದರು. ಕಡೆಗೆ ಉಳಿದ ದೊಡ್ಡ ಸಾಲದ ಪತ್ರವು, ಬ್ಯಾಂಕೇ ಮುಳುಗಿ ಅದರ ಆಸ್ತಿ ಮಾರಾಟಕ್ಕೆ ಬಂದಾಗ, ಕಡಿಮೆ ಬೆಲೆಗೆ ಅವರ ಸಹೋದರನ ಕೈಸೇರಿ ತೀರಿತು. ಪೈಸೆಗೆ ಪೈಸೆ ಸಂದಿತೆಂದು ಹೇಳುವುದು ಸುಳ್ಳಾದೀತು; ಅವರು ಮುಖ ತಪ್ಪಿಸಿಕೊಂಡು ತಿರುಗಲಿಲ್ಲವೆಂಬುದು ನಿಜ.

ಅಂಗಡಿ ಮುಚ್ಚಿದ ವರ್ಷವೇ ಅವರು ಜಾಕ್ಸನ್ ಕೌಂಟಿಯ ‘ಜಡ್ಜ್’ ಸ್ಥಾನಕ್ಕೆ ಚುನಾಯಿತರಾದರು. ಹೆಸರು ನ್ಯಾಯಾಧೀಶರದಾದರೂ ಕೆಲಸವು ನಮ್ಮ ಜಿಲ್ಲಾ ಬೋರ್ಡಿನ ಅಧ್ಯಕ್ಷರು ಸದಸ್ಯರು ಮಾಡುತ್ತಿದ್ದಂತಹುದು: ರಸ್ತೆ, ಸೇತುವೆ, ಕಟ್ಟಡ, ತೆರಿಗೆ. 1924ರಲ್ಲಿ ಸೋತು ಮೋಟಾರು ಸಂಘದ ಸದಸ್ಯತ್ವಗಳನ್ನು ಮಾರುತ್ತ ಮನೆ ನಡೆಸಿದರು. 1926ರಲ್ಲಿ ಗೆದ್ದು ಮುಖ್ಯ ಜಡ್ಜ್ ಆದರು. ಮಳೆ ಬಂದರೆ ರೈತನು ಪೇಟೆಗೆ ಬರಲಾಗದಂತಹ ಕೆಸರು ಹಾದಿಗಳನ್ನು ಸರಿಪಡಿಸಲು 65 ಲಕ್ಷ ಡಾಲರುಗಳ ಸಾಲಪತ್ರಕ್ಕೆ 1928ರಲ್ಲಿ ಮತದಾರರ ಒಪ್ಪಿಗೆ ಪಡೆದರು. ಎರಡು ಪಕ್ಷಗಳಿಂದ ಒಬ್ಬೊಬ್ಬ ಇಂಜಿನಿಯರನ್ನು ನೇಮಿಸಿ, ಕಡಿಮೆ ಟೆಂಡರಿನವರಿಗೇ ಕೆಲಸವೆಂದು ಸಾರಿದರು.

ಅವರ ಬೆನ್ನ ಹಿಂದಿದ್ದವರು ಕ್ಯಾನ್ಸಾಸ್ ಸಿಟಿಯ ರಾಜಕೀಯವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಟಾಮ್ ಪೆಂಡರ್‌ಗಾಸ್ಟ್. ಅವರ ಕಡೆಯ ಕಂಟ್ರಾಕ್ಟುದಾರರು ಬಂದು ಗದ್ದಲ ಮಾಡಿದರು, ಟ್ರೂಮನ್ನರು ಬಗ್ಗಲಿಲ್ಲ. ಹಾಗೆಂದು ಅವರನ್ನು ದೇವರೆಂದು ಪೂಜಿಸಬೇಕಾಗಿಲ್ಲ. ದೊಡ್ಡ ಮೊತ್ತವನ್ನು ಉಳಿಸುವುದಕ್ಕಾಗಿ ಸಣ್ಣ ಕಳ್ಳತನಕ್ಕೆ ಕಣ್ಣು ಮುಚ್ಚಬೇಕಾಯಿತಲ್ಲ ಎಂದು, ಪಿಕ್‌ವಿಕ್ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಕುಳಿತು, ಆ ಹೋಟೆಲಿನ ಕಾಗದದ ಮೇಲೆಯೇ ತಮ್ಮನ್ನು ತಾವು ವಿಚಾರಣೆ ಮಾಡಿಕೊಂಡು ಬರೆದಿಟ್ಟಿದ್ದಾರೆ. ಆದರೆ ಲಕ್ಷಗಟ್ಟಲೆ ಡಾಲರು ಕೈಯಲ್ಲಿ ಹಾಯ್ದ ಆ ವರ್ಷಗಳಲ್ಲಿ ಅವರು ಅಂಗಡಿಯ ಸಾಲಗಾರರಾಗಿಯೇ ಉಳಿದರು. 1940ರಲ್ಲಿ, ಅವರು ಸೆನೆಟಿನ ಸದಸ್ಯರಾಗಿದ್ದಾಗ, ತಾಯಿಯ ಹೊಲವು ಸಾಲಕ್ಕೆ ಹರಾಜಾಯಿತು.

1945ರಲ್ಲಿ ಅಧ್ಯಕ್ಷಪದವಿ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಲೆ ಬಿದ್ದ ಬಾಂಬುಗಳ ಲೆಕ್ಕವು ಅವರ ಹೆಸರಿನಲ್ಲಿದೆ. ಅದನ್ನು ಯಾವ ಲೇಖನವೂ ತೀರಿಸಲಾರದು. ಅಂಗಡಿಯ ಸಾಲ ತೀರಿಸಿದ ಗುಣವನ್ನು ಅದರೆದುರು ಜಮಾ ಹಿಡಿಯಲು ಬಾರದು.

1949ರ ಪದಗ್ರಹಣದ ಮೆರವಣಿಗೆಯಲ್ಲಿ ಅವರ ಕಾರಿನ ಎರಡು ಪಕ್ಕಗಳಲ್ಲಿ ನಡೆದವರು ‘ಡಿ’ ದಳದ ಹಳೆಯ ಸಿಪಾಯಿಗಳು. 1953ರ ಜನವರಿಯಲ್ಲಿ ಅಧಿಕಾರ ಬಿಟ್ಟವರು ರೈಲು ಹತ್ತಿ ಇಂಡಿಪೆಂಡೆನ್ಸಿಗೆ, ಮಡದಿಯ ತವರಿನವರ ಹಳೆಯ ಮನೆಗೆ ಮರಳಿದರು. ಮಾಜಿ ಅಧ್ಯಕ್ಷರಿಗೆ ಆಗ ವಿಶ್ರಾಂತಿವೇತನವಿರಲಿಲ್ಲ. ಬರುತ್ತಿದ್ದುದು ಸೈನ್ಯದ ಪಿಂಚಣಿ, ತಿಂಗಳಿಗೆ 112 ಡಾಲರು ಚಿಲ್ಲರೆ. ಕಂಪನಿಗಳು ದೊಡ್ಡ ಸಂಬಳದೊಡನೆ ಕರೆದವು. ತಮ್ಮ ಹೆಸರನ್ನಲ್ಲ, ಅಧ್ಯಕ್ಷಪದವಿಯನ್ನೇ ಅವರು ಕೊಳ್ಳಬಯಸುತ್ತಾರೆಂದು ಬಗೆದು ಟ್ರೂಮನ್ನರು ಒಲ್ಲೆನೆಂದರು. ಬೆಳಿಗ್ಗೆ ಎದ್ದು ಕೋಲು ಹಿಡಿದು ಊರ ಬೀದಿಗಳಲ್ಲಿ ತಿರುಗಾಡುತ್ತ, 1972ರ ಡಿಸೆಂಬರ್ 26ರಂದು ತೀರಿಕೊಂಡರು.

ಊರು ಬಿಟ್ಟು ಬಂದು ಸಣ್ಣದೊಂದು ಹೋಟೆಲನ್ನೋ ಅಂಗಡಿಯನ್ನೋ ಇಟ್ಟು ಕೈಸುಟ್ಟುಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಅಂಥವರನ್ನು ಕಂಡಾಗ ಸಂಘದ ಸಭೆಗಳಲ್ಲಿ ನಾವು ಮುಖ ತಿರುಗಿಸುತ್ತೇವೆ. ಅವರೂ ಬರುವುದನ್ನು ಬಿಡುತ್ತಾರೆ. ಜಾಕ್ಸನ್ ಕೌಂಟಿಯ ಜನರು ಹಾಗೆ ಮಾಡಲಿಲ್ಲ. ಅಂಗಡಿ ಮುಳುಗಿದವನ ಕೈಗೆ ತಮ್ಮ ರಸ್ತೆಗಳನ್ನು ಒಪ್ಪಿಸಿದರು. ನಮ್ಮ ಸಂಘಗಳ ಲೆಕ್ಕಪುಸ್ತಕವನ್ನು ಯಾರ ಕೈಗೆ ಕೊಡಬೇಕೆಂದು ಮುಂದಿನ ಮಹಾಸಭೆಯಲ್ಲಿ ಯೋಚಿಸುವಾಗ, ಹಾಲಿನವನ ಬಾಕಿಯನ್ನು ಇಂದಿಗೂ ತಿಂಗಳು ತಿಂಗಳು ತೀರಿಸುತ್ತಿರುವ ಆ ಮನುಷ್ಯನನ್ನು ಒಮ್ಮೆ ನೆನೆಯೋಣ.